ಕಾರ್ಡ್ ಸುಟ್ಟಿಲ್ಲ ಸ್ವಾಮಿ

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತೆಂದರೆ ನಾನು ಹಲೋ ಅನ್ನುವ ಮೊದಲೇ ಅರ್ಧ ಕಥೆ ಹೇಳಬಲ್ಲೆ. ಆ ಕಡೆ ಇರುವುದು ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ, ಉಬುಂಟು ಲಿನಕ್ಸ್ ಹಾಕಿದ್ದಾನೆ, ಬೆಳಗಾದರೆ ಪ್ರಾಜೆಕ್ಟ್ ಡೆಮೊ.

"ಸರ್, ಸ್ಕ್ರೀನ್ ಕಪ್ಪಾಗಿದೆ. ಕಾರ್ಡ್ ಸುಟ್ಟೋಯ್ತು ಅನ್ಸುತ್ತೆ."

ಸುಟ್ಟಿರುವುದಿಲ್ಲ. ಇಂಥ ಫೋನುಗಳಲ್ಲಿ ನಿಜವಾಗಿ ಕಾರ್ಡೇ ಹೋಗಿದ್ದು ನನಗೆ ನೆನಪಿರುವಂತೆ ಎರಡು ಸಲ. ಅದರಲ್ಲಿ ಒಂದು ಇಲಿಯ ಕೆಲಸ.

"ನಿನ್ನೆವರೆಗೂ ಚೆನ್ನಾಗಿತ್ತೇನಪ್ಪಾ?"
"ಸೂಪರಾಗಿತ್ತು ಸರ್."
"ಅಪ್‌ಡೇಟ್ ಏನಾದ್ರೂ ಬಂತಾ?"
"ಬಂತು, ಯೆಸ್ ಕೊಟ್ಟೆ."
"ಡ್ರೈವರ್ ಎಲ್ಲಿಂದ ಹಾಕಿದ್ದೆ?"

ಇಲ್ಲಿ ದನಿಯಲ್ಲಿ ಸ್ವಲ್ಪ ಹೆಮ್ಮೆ. "ಕಂಪನಿ ಸೈಟಿಂದಲೇ ಸರ್. ಲೇಟೆಸ್ಟು."

ಅಲ್ಲೇ ಇದೆ ರೋಗ. ಅವನ ತಪ್ಪೂ ಅಲ್ಲ. ವಿಂಡೋಸಿನಲ್ಲಿ ಬೆಳೆದವರು ಹಾಗೇ ಮಾಡುವುದು, ಅಲ್ಲಿ ಅದು ಸರಿಯೂ ಹೌದು. ಲಿನಕ್ಸಿನಲ್ಲಿ ಮಾತ್ರ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು, ಕಾರ್ಡ್ ಮಾಡಿದವರ ಹತ್ತಿರ ಕೇಳಬೇಡಿ. ನಿಮ್ಮ ಡಿಸ್ಟ್ರೋ ಹತ್ತಿರ, ಅಂದರೆ ಉಬುಂಟು, ಫೆಡೊರಾ ಹೀಗೆ ನೀವು ಹಾಕಿಕೊಂಡ ಲಿನಕ್ಸ್ ಹತ್ತಿರ ಕೇಳಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಯಾಕೆ ಎಂದು ಮಾತ್ರ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ ಅನ್ನಿಸಿತು, ಅದಕ್ಕೇ ಈ ಸಲ ಇದು.

ಎನ್‌ವಿಡಿಯಾ ಡ್ರೈವರಿನಲ್ಲಿ ಎರಡು ಭಾಗ. ಒಂದು ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದರ ಒಳಗೆ ಹೋಗಿ ಕೂರುವ ತುಂಡು, ಮಾಡ್ಯೂಲ್. ಇನ್ನೊಂದು ಹೊರಗಡೆ ಇರುವ, ಬೇರೆ ಪ್ರೋಗ್ರಾಮುಗಳು ಬಳಸುವ ಲೈಬ್ರರಿಗಳು: ಓಪನ್‌ಜಿಎಲ್, ವಲ್ಕನ್, ಕೂಡಾ (CUDA) ಇವೆಲ್ಲ. ಎರಡರ ವರ್ಷನ್ ನಂಬರ್ ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು. ಇದು ಮೊದಲ ಗಂಟು.

ಎರಡನೆಯದು ದೊಡ್ಡ ಗಂಟು. ಒಳಗೆ ಕೂರುವ ಆ ಮಾಡ್ಯೂಲ್ ಅಳತೆ ಕೊಟ್ಟು ಹೊಲಿಸಿದ ರವಿಕೆ ಇದ್ದ ಹಾಗೆ. ಅಕ್ಕನದು ತಂಗಿಗೆ ಆಗುವುದಿಲ್ಲ. ಕರ್ನಲ್ ಬದಲಾಯಿತು ಅಂದರೆ ಅಳತೆ ಬದಲಾಯಿತು, ಮತ್ತೆ ಹೊಲಿಯಬೇಕು. ಉಬುಂಟುವಿನಲ್ಲಿ ಕರ್ನಲ್ ಅಪ್‌ಡೇಟ್ ಕೆಲವು ವಾರಕ್ಕೊಮ್ಮೆ ಬರುತ್ತಲೇ ಇರುತ್ತದೆ. ಕರ್ನಲ್ ಬರೆಯುವವರು ಒಳಗಿನ ಜೋಡಣೆಯನ್ನು ಹೀಗೇ ಇಡುತ್ತೇವೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಬೇಕೆಂದೇ ಕೊಟ್ಟಿಲ್ಲ. ಕರ್ನಲ್ ಜೊತೆಗೇ ಇರುವ ಕೋಡನ್ನು ಅವರೇ ತಿದ್ದಿಕೊಳ್ಳುತ್ತಾರೆ. ಹೊರಗಿನದಾದರೆ ಅದು ಹೊರಗಿನವರ ತಲೆನೋವು.

ಇಂಟೆಲ್, ಎಎಂಡಿ ಕಾರ್ಡಿನವರು ಆರಾಮಾಗಿರುವುದು ಇದೇ ಕಾರಣಕ್ಕೆ. ಎಎಂಡಿಯ ಈಗಿನ ಡ್ರೈವರ್ 2015ರ 4.2 ಕರ್ನಲ್‌ನಿಂದಲೂ ಒಳಗೇ ಇದೆ. ಸಾಮಾನ್ಯ ಬಳಕೆಗೆ ನೀವು ಏನೂ ಹಾಕಬೇಕಿಲ್ಲ, ಸುಮ್ನೆ ಇರಿ. ಎನ್‌ವಿಡಿಯಾದ್ದು ಮೊದಲಿಂದಲೂ ಹೊರಗೆ. 2012ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ಆಲ್ಟೊ ಯೂನಿವರ್ಸಿಟಿಯಲ್ಲಿ ಕ್ಯಾಮೆರಾಗೆ ಬೆರಳು ತೋರಿಸಿ ಆ ಕಂಪನಿಗೆ ಬೈದರಲ್ಲ, ಆ ವಿಡಿಯೋ ನೋಡದ ಹುಡುಗರಿಲ್ಲ. ವಿಡಿಯೋ ನೋಡಿರುತ್ತಾರೆ, ಪಾಠ ಕಲಿತಿರುವುದಿಲ್ಲ. 2022ರ ಮೇನಲ್ಲಿ ಕಂಪನಿ ಕರ್ನಲ್ ಮಾಡ್ಯೂಲಿನ ಸೋರ್ಸ್ ಬಿಟ್ಟುಕೊಟ್ಟಿತು, ಅದೂ ಟ್ಯೂರಿಂಗ್ ಎಂಬ ತಲೆಮಾರು ಮತ್ತು ಆಮೇಲಿನ ಕಾರ್ಡುಗಳಿಗೆ. "ಈಗ ಓಪನ್ ಸೋರ್ಸ್ ಆಯ್ತಲ್ಲ ಸರ್, ಇನ್ನೇನು ತೊಂದರೆ?" ಅನ್ನುತ್ತಾರೆ. ಅಪ್ಪಾ, ಬಟ್ಟೆ ಯಾವುದು ಅಂತ ಕಾಣಿಸುತ್ತಿದೆ, ಅಷ್ಟೇ. ಹೊಲಿಗೆ ಇನ್ನೂ ಅಳತೆಗೇ ಆಗಬೇಕು.

ಉಬುಂಟುವಿನಿಂದಲೇ ಡ್ರೈವರ್ ತೆಗೆದುಕೊಂಡರೆ, ಹೊಸ ಕರ್ನಲ್ ಬಂದಾಗ ಅದಕ್ಕೆ ಹೊಲಿದ ಮಾಡ್ಯೂಲೂ ಜೊತೆಗೆ ಬರುತ್ತದೆ. ಇಲ್ಲವೇ ಡಿಕೆಎಂಎಸ್ ಎಂಬ ಮನೆ ಟೈಲರ್ ನಿಮ್ಮ ಮಷೀನಿನಲ್ಲೇ ಕೂತು ಹೊಲಿದುಕೊಡುತ್ತಾನೆ. ಕಂಪನಿ ಸೈಟಿನಿಂದ ತಂದ ಇನ್‌ಸ್ಟಾಲರ್, ಅಂದರೆ ರನ್ ಫೈಲ್, ಇವತ್ತಿನ ಕರ್ನಲ್ಲಿಗೆ ಒಂದು ಸಲ ಹೊಲಿದು ಎದ್ದು ಹೋಗುತ್ತದೆ. ಡಿಕೆಎಂಎಸ್‌ಗೆ ಸೇರಿಸಲಾ ಎಂದು ಅದೂ ಕೇಳಬಹುದು. ಆದರೆ ಯಾರು ಓದುತ್ತಾರೆ, ಎಂಟರ್ ಒತ್ತುತ್ತಾ ಹೋಗುತ್ತಾರೆ. ಸೇರಿಸಿದರೂ ಉಬುಂಟುಗೆ ಗೊತ್ತಿಲ್ಲದ ಹಾಗೆ ಲೈಬ್ರರಿಗಳನ್ನು ಹಾಕಿಟ್ಟಿರುತ್ತದೆ. ಮುಂದೆ ಯಾವಾಗಲೋ ಉಬುಂಟು ತನ್ನದನ್ನು ಹಾಕುತ್ತದೆ, ಆಗ ಮೊದಲ ಗಂಟು ಬಿಗಿಯುತ್ತದೆ.

ಹಾಕುವ ಕ್ರಮ ಎರಡು ನಿಮಿಷದ್ದು. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಎಂಬ ಆಪ್ ತೆರೆದು, ರೆಕಮೆಂಡೆಡ್ ಎಂದು ತೋರಿಸಿದ್ದನ್ನು ಆರಿಸಿ, ರೀಸ್ಟಾರ್ಟ್ ಮಾಡಿ. ಫೆಡೊರಾದವರಿಗೆ ಆರ್‌ಪಿಎಂ ಫ್ಯೂಷನ್ ಎಂಬ ಸಾಫ್ಟ್‌ವೇರ್ ಭಂಡಾರದಲ್ಲಿ, ಡೆಬಿಯನ್‌ನವರಿಗೆ ನಾನ್-ಫ್ರೀ ಎಂಬ ಭಂಡಾರದಲ್ಲಿ ಸಿಗುತ್ತದೆ. ಡಿಸ್ಟ್ರೋಗೆ ಇನ್ನೂ ಬಂದಿರದಷ್ಟು ಹೊಸ ಕಾರ್ಡ್ ಇದ್ದರೆ ಮಾತು ಬೇರೆ. ಅಂಥವರು ಈ ಅಂಕಣ ಓದುತ್ತಿರಲಿಕ್ಕಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಯಾಕೆಂದರೆ ನೀಲಿ ಸ್ಕ್ರೀನ್ ಇದೆ.

ಸಹಿ ಇಲ್ಲದ ಕೋಡನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಆನ್ ಇದ್ದರೆ, ಡಿಕೆಎಂಎಸ್ ಹೊಲಿದ ಮಾಡ್ಯೂಲಿಗೆ ಸಹಿ ಬೇಕು. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಎನ್ನುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ, ಹತ್ತರಿಂದ ಕೆಳಗೆ ಎಣಿಸುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿ, ಎನ್‌ರೋಲ್ ಮಾಕ್ (Enroll MOK) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ವಿಂಡೋಸಿನ ನೀಲಿ ಪರದೆ ನೋಡಿ ಹೆದರಿದ ಜನ, ಪಾಪ. ಒಂದೋ ಕೈ ಕಟ್ಟಿ ಕೂರುತ್ತಾರೆ, ಇಲ್ಲಾ ಮೇಲಿರುವ ಕಂಟಿನ್ಯೂ ಬೂಟ್ ಒತ್ತಿಬಿಡುತ್ತಾರೆ. ಆಮೇಲೆ ಡ್ರೈವರ್ ಇದೆ, ಕರ್ನಲ್ ಅದನ್ನು ಬಾಗಿಲಲ್ಲೇ ನಿಲ್ಲಿಸಿದೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಕೆಲಸ ಆಗುತ್ತದೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಡಿಸ್ಕಿಗೆ ಬೀಗ ಹಾಕುವ ಅದರ ಬಿಟ್‌ಲಾಕರೂ ಇದ್ದರೆ ಅದು ರಿಕವರಿ ಕೀ ಕೇಳಬಹುದು, ಮೊದಲು ಬರೆದಿಟ್ಟುಕೊಳ್ಳಿ.

ಹಳೇ ಕಾರ್ಡಿನವರದು ಬೇರೆಯೇ ಗೋಳು. ಒಬ್ಬರು ಫೋಟೊ ಸ್ಟುಡಿಯೋದವರು ಜಿಟಿ 730 ಹಿಡಿದು ಬಂದರು. "ಅಣ್ಣನ ಅಂಗಡೀಲೂ ಇದೇ ಕಾರ್ಡು, ಅಲ್ಲಿ 470 ಡ್ರೈವರ್ ಓಡುತ್ತೆ, ನಮ್ಮಲ್ಲಿ ಯಾಕಿಲ್ಲ?" ಎರಡೂ ಡಬ್ಬದ ಮೇಲೆ ಅದೇ ಹೆಸರು. ಒಳಗೆ ಒಂದು ಕೆಪ್ಲರ್ ಚಿಪ್, ಇನ್ನೊಂದು ಅದಕ್ಕಿಂತ ಹಳೇ ಫರ್ಮಿ. ಫರ್ಮಿಗೆ 390ನೇ ಡ್ರೈವರಿಗೇ ಕೊನೆ. ಮಾರಿದವರು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ. ಅವರಿಗೆ ಲಿನಕ್ಸ್ ಜೊತೆಗೇ ಬರುವ ನೂವೋ ಡ್ರೈವರ್ ಸಾಕು ಎಂದೆ. ವೇಗ ಕಮ್ಮಿ, ಆದರೆ ಆಲ್ಬಂ ಕೆಲಸಕ್ಕೆ ನಡೆಯುತ್ತದೆ. "ದುಡ್ಡೆಷ್ಟು?" ಅಂದರು. ಏನೂ ಇಲ್ಲ ಅಂದೆ. ಆ ಮುಖದಲ್ಲಿ ಬಂದ ಅನುಮಾನ ಇನ್ನೂ ಹೋಗಿಲ್ಲ.

ಆ ರಾತ್ರಿ ಹುಡುಗನಿಗೆ ಹೇಳಿದ್ದು ಇಷ್ಟೇ. ಮಷೀನ್ ಆನ್ ಮಾಡಿ, ಯಾವುದರಿಂದ ಶುರುಮಾಡಲಿ ಎಂದು ಕೇಳುವ ಗ್ರಬ್ ಮೆನು ಬರುವವರೆಗೆ ಎಸ್ಕೇಪ್ ತಟ್ಟು. ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಮೇಲಿನದು ಬಿಟ್ಟು ಅದರ ಹಿಂದಿನ ಕರ್ನಲ್ ಆರಿಸು. ಹಳೇ ಅಳತೆ, ಹಳೇ ರವಿಕೆ, ಬಂತು ಡೆಸ್ಕ್‌ಟಾಪ್. ಈಗಲೇ ರಿಪೇರಿಗೆ ಕೈ ಹಾಕಬೇಡ, ಡೆಮೊ ಮುಗಿಸಿ ಬಾ ಎಂದೆ. ಎರಡು ದಿನ ಬಿಟ್ಟು ಬಂದ. ರನ್ ಫೈಲನ್ನು ಅದರದೇ ಅನ್‌ಇನ್‌ಸ್ಟಾಲ್ ಆಯ್ಕೆಯಿಂದ ತೆಗೆಸಿ, ಉಬುಂಟುವಿನದನ್ನು ಹಾಕಿಸಿದೆ. ನೀಲಿ ಪರದೆ ಬಂದಾಗ ನಾನೇ ಪಕ್ಕದಲ್ಲಿ ನಿಂತಿದ್ದೆ.

ನಿಮಗೂ ಕಪ್ಪಾದರೆ ಮೊದಲು ಹಳೇ ಕರ್ನಲ್ ನೋಡಿ. ಅದು ಬಂದರೆ ಟರ್ಮಿನಲ್‌ನಲ್ಲಿ ಯುನೇಮ್, ಸ್ಪೇಸ್, ಮೈನಸ್ ಆರ್ (uname -r) ಹೊಡೆದು ಬಂದ ನಂಬರ್, ಕಾರ್ಡಿನ ಪೂರ್ತಿ ಹೆಸರು, ಡ್ರೈವರ್ ಎಲ್ಲಿಂದ ತಂದಿರಿ ಎಂಬ ಸತ್ಯ, ಈ ಮೂರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಿ. ಬೆಳಿಗ್ಗೆ ಹತ್ತರ ಮೇಲೆ.