ಕೇಸ್ ಶೀಟ್ ಓದುವ ವೇಗ

ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾಕ್ಕೆ ನನ್ನ ಬಳಿ ಬರುವ ಮಕ್ಕಳಲ್ಲಿ ಹಲವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಕೈಗೆ ಕೇಸ್ ಶೀಟ್ ಕೊಟ್ಟರೆ ಮೊದಲ ಪುಟದಿಂದಲೇ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಲು ಕೂರುತ್ತಾರೆ. ನಾಲ್ಕು ದಿನದ ಅಡ್ಮಿಷನ್ನಿನ ಫೈಲೂ ದಪ್ಪಗಿರುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ತರಗತಿಯೇ ಮುಗಿದಿರುತ್ತದೆ.

ಇವರಿಗೆ ವೇಗ ಬರಬೇಕು, ನಿಜ. ಆದರೆ ಕಣ್ಣು ಓಡಿಸುವ ಕಸರತ್ತಿನಲ್ಲಿ ನನಗೆ ನಂಬಿಕೆಯಿಲ್ಲ. ಓದುವಾಗ ಕಣ್ಣು ಜಿಗಿಜಿಗಿದು ನಿಲ್ಲುತ್ತದೆ, ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು. ಗೊತ್ತಿಲ್ಲದ ಪದ ಸಿಕ್ಕರೆ ಅಲ್ಲೇ ತಡವರಿಸಿ, ಹಿಂದಕ್ಕೂ ಹೋಗುತ್ತದೆ. ಹಾಗಾಗಿ ನಾನು ಶುರುಮಾಡುವುದು ಪದಗಳಿಂದ. ‘ಕೋಲಿಸಿಸ್ಟೆಕ್ಟಮಿ’ಯನ್ನು ಬೋರ್ಡಿನ ಮೇಲೆ ಮೂರು ತುಂಡು ಮಾಡುತ್ತೇನೆ: ಕೋಲಿ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಮರುದಿನ ‘ಅಪೆಂಡಿಸೆಕ್ಟಮಿ’ಯನ್ನು ಅವರೇ ಬಿಡಿಸುತ್ತಾರೆ. ಕಾಗುಣಿತ ಕೂಡಿಸಿ ಓದುತ್ತಿದ್ದ ಮಗು ಒಂದು ದಿನ ಇಡೀ ಪದವನ್ನೇ ಓದಿಬಿಡುತ್ತದಲ್ಲ, ಹಾಗೆ.

ಆಮೇಲೆ, ಎಲ್ಲಿ ನೋಡಬೇಕೆಂಬುದು. ಕೋಡಿಂಗಿಗೆ, ಅಂದರೆ ಕಾಯಿಲೆಗೆ ನಿಗದಿತ ಪಟ್ಟಿಯಿಂದ ಸಂಕೇತ ಹಾಕುವುದಕ್ಕೆ, ಬೇಕಾದ ಮುಖ್ಯ ಕಾಯಿಲೆ ತೀರ್ಮಾನವಾಗುವುದು ಚಿಕಿತ್ಸೆ ಮುಗಿಯುವಾಗ. ಅದಕ್ಕೇ ಡಿಸ್ಚಾರ್ಜ್ ಸಮ್ಮರಿಯನ್ನು ಮೊದಲು ತೆಗೆಸುತ್ತೇನೆ. ಆಪರೇಷನ್ ನೋಟ್ಸ್, ಬಯಾಪ್ಸಿ ವರದಿ ಅದಕ್ಕೆ ತಾಳೆಯಾಗುತ್ತವೆಯೇ ಎಂದು ಹುಡುಕಿಸುತ್ತೇನೆ.

ಒಮ್ಮೆ ಚುರುಕಾದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟಳು: ಎ97, ಡೆಂಗಿ. ಅವಳು ಓದಿದ್ದು ಅಡ್ಮಿಷನ್ ಹಾಳೆಯನ್ನು ಮಾತ್ರ. ‘ಇಲ್ಲಿ ನೋಡಮ್ಮ’ ಎಂದು ಫೈಲು ತಿರುಗಿಸಿದೆ. ಡೆಂಗಿ ಎಂಬ ಪದದ ಎಡಕ್ಕೆ ಡಾಕ್ಟರು ಪುಟ್ಟದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಅಂದರೆ ಬರೀ ಅನುಮಾನ. ಲ್ಯಾಬ್ ವರದಿ ನೆಗೆಟಿವ್. ಕೊನೆಯ ಪುಟದಲ್ಲಿ ಬರೆದದ್ದು ಬರೀ ವೈರಲ್ ಸೋಂಕು, ಅಂದರೆ ಬಿ34.9. ‘ಪೆನ್ನಿನ ಗೀಟು ಅಂದ್ಕೊಂಡೆ ಮೇಡಂ’ ಎಂದಳು. ನಿಜವಾದ ಫೈಲಿನಲ್ಲಿ ಹೀಗಾದರೆ ಇಲ್ಲದ ಡೆಂಗಿ ಲೆಕ್ಕಕ್ಕೆ ಸೇರುತ್ತದೆ, ರೋಗಿಯ ವಿಮೆ ಕ್ಲೇಮಿಗೂ ತೊಡಕಾಗಬಹುದು.

ಅಂದಿನಿಂದ ನಿಲ್ಲಬೇಕಾದ ಜಾಗಗಳನ್ನೂ ಕಲಿಸುತ್ತಿದ್ದೇನೆ. ಪ್ರಶ್ನಾರ್ಥಕ ಚಿಹ್ನೆ, ‘ನೋ ಹಿಸ್ಟರಿ ಆಫ್’ (ಹಿಂದೆ ಇರಲಿಲ್ಲ), ಹೈಪೋ (ಕಡಿಮೆ) ಮತ್ತು ಹೈಪರ್ (ಹೆಚ್ಚು), ಎಡ ಮತ್ತು ಬಲ. ಅಲ್ಲಿ ಬೆರಳಿಡಿ, ತುಟಿ ಅಲ್ಲಾಡಿದರೂ ಪರವಾಗಿಲ್ಲ ಎನ್ನುತ್ತೇನೆ. ಸ್ಟಾಪ್‌ವಾಚ್ ಹಿಡಿಯುವುದು ಕೋರ್ಸಿನ ಕೊನೆಯ ತಿಂಗಳಲ್ಲಿ, ರೋಗಿಯ ಹೆಸರು ಮರೆಮಾಡಿದ ಹಳೇ ಫೈಲುಗಳ ಮೇಲೆ. ಕೋಡ್ ತಪ್ಪಿದ್ದರೆ ಬೇಗ ಮುಗಿಸಿದ್ದಕ್ಕೆ ಅಂಕ ಕೊಡುವುದಿಲ್ಲ.