ಗೋಡೆ ಮೊದಲು, ಕಡಲು ಆಮೇಲೆ

ಚೀನಾ ಪ್ರವಾಸಕ್ಕೆ ವಿಚಾರಿಸಲು ಬರುವವರು ಮೊದಲು ಕೇಳುವುದು ಎಷ್ಟು ಊರು ತೋರಿಸುತ್ತೀರಿ ಅಂತ. ಆಮೇಲೆ ಊಟದ ವಿಷಯ. ಯಾವ ಊರು ಯಾವುದರ ನಂತರ ಬರುತ್ತದೆ, ಎಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳುವವರು ತುಂಬಾ ಕಡಿಮೆ. ಆದರೆ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಹೆಚ್ಚಾಗಿ ಅಲ್ಲೇ. ಬೀಜಿಂಗ್, ಶಿಯಾನ್, ಕೊನೆಗೆ ಹೈನಾನ್ ದ್ವೀಪದ ಸಾನ್ಯಾ. ಹಳೆಯ ಚೀನಾವನ್ನೂ ಬಿಸಿಲಿನ ಕಡಲನ್ನೂ ಒಂದೇ ರಜೆಯಲ್ಲಿ ನೋಡಿಸುವ ಈ ದಾರಿಗೆ ಗ್ರೂಪ್‌ಗಳನ್ನು ಹೊಂದಿಸುವುದು, ಜೊತೆಗೆ ಹೋಗುವುದು ನನ್ನ ಕೆಲಸ. ಪ್ಯಾಕೇಜ್ ಬುಕ್ ಮಾಡುವ ಮೊದಲು ಐಟಿನರಿಯನ್ನು ಹೇಗೆ ಓದಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ನೋಡಿ. ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಾನ್ಯಾ 18 ಡಿಗ್ರಿಯ ಹತ್ತಿರ, ಅಂದರೆ ಹೆಚ್ಚುಕಡಿಮೆ ನಮ್ಮ ಬೀದರ್‌ನ ನೇರಕ್ಕೆ. ನಡುವೆ ವಿಮಾನದಲ್ಲೇ ನಾಲ್ಕು ಗಂಟೆಯ ದಾರಿ. ಹಾಗಾಗಿ ಉತ್ತರದಲ್ಲಿ ಇಳಿದು ದಕ್ಷಿಣದಿಂದ ಹೊರಡುವುದೇ ಸರಿಯಾದ ದಾರಿ. ಸಾನ್ಯಾದಿಂದ ಗುವಾಂಗ್‌ಝೌ ಅಥವಾ ಹಾಂಗ್‌ಕಾಂಗ್ ಒಂದೂವರೆ ಗಂಟೆ ಆಸುಪಾಸು. ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಶುರುವಾದದ್ದೂ ಗುವಾಂಗ್‌ಝೌ ಕಡೆಯಿಂದಲೇ. ಹೋಗುವ ಟಿಕೆಟ್ ಬೀಜಿಂಗ್‌ಗೆ, ಬರುವ ಟಿಕೆಟ್ ದಕ್ಷಿಣದಿಂದ ಇದೆಯೇ ಎಂದು ನೋಡಿ. ಎರಡೂ ಬೀಜಿಂಗ್‌ನಿಂದಲೇ ಇದ್ದರೆ ರಜೆಯ ಒಂದು ಇಡೀ ದಿನ ಸುಮ್ನೆ ವಿಮಾನ ನಿಲ್ದಾಣದಲ್ಲಿ ಕಳೆದುಹೋಗುತ್ತದೆ.

ಕೆಲವು ಪ್ಯಾಕೇಜ್‌ಗಳಲ್ಲಿ ವಿಮಾನ ಅಗ್ಗ ಸಿಕ್ಕಿತು ಎಂದು ಸಾನ್ಯಾವನ್ನು ಮೊದಲು ಇಟ್ಟಿರುತ್ತಾರೆ. ದಯವಿಟ್ಟು ಒಪ್ಪಬೇಡಿ. ಬೀಜಿಂಗ್, ಶಿಯಾನ್ ಎರಡೂ ಕಾಲಿಗೆ ಕೆಲಸ ಕೊಡುವ ಊರುಗಳು. ಕಡಲ ದಂಡೆಯಲ್ಲಿ ಮೂರು ದಿನ ಆರಾಮಾಗಿ ಇದ್ದವರನ್ನು ನಾಲ್ಕನೇ ದಿನ ಬೆಳಗ್ಗೆ ಆರಕ್ಕೆ ಎಬ್ಬಿಸಿ ಮೆಟ್ಟಿಲು ಹತ್ತಿಸಿದರೆ ಅವರಿಗೂ ಖುಷಿ ಇಲ್ಲ, ಗೈಡ್‌ಗೂ ಇಲ್ಲ. ನನ್ನ ಲೆಕ್ಕ ಬೀಜಿಂಗ್‌ಗೆ ನಾಲ್ಕು ರಾತ್ರಿ, ಶಿಯಾನ್‌ಗೆ ಎರಡು, ಸಾನ್ಯಾಗೆ ನಾಲ್ಕು. ಅಷ್ಟು ದಿನ ಇಲ್ಲ ಅಂದರೆ, ಪ್ಯಾಕೇಜಿನಲ್ಲಿ ಶಾಂಘೈ ಸೇರಿಸಿದ್ದರೆ ಅದನ್ನು ಬಿಡಿ, ಕಡಲನ್ನು ಬಿಡಬೇಡಿ. ಮುಂದೆ ನಾಲ್ಕು ದಿನ ಬಿಡುವಿದೆ ಎಂದು ಗೊತ್ತಿದ್ದರೆ ಜನ ಉತ್ತರದಲ್ಲಿ ಗೊಣಗದೆ ನಡೆಯುತ್ತಾರೆ, ನಿಂತು ನೋಡುತ್ತಾರೆ. ಇದನ್ನು ಪ್ರತಿ ಗ್ರೂಪಿನಲ್ಲೂ ಕಾಣುತ್ತೇನೆ.

ಬೀಜಿಂಗ್‌ನ ಫರ್ಬಿಡನ್ ಸಿಟಿಯನ್ನೇ ತೆಗೆದುಕೊಳ್ಳಿ. ಮಿಂಗ್ ದೊರೆ ಯೊಂಗ್ಲೆ 1406ರಲ್ಲಿ ಶುರು ಮಾಡಿಸಿ 1420ರಲ್ಲಿ ಮುಗಿಸಿದ ಅರಮನೆ ಅದು. ದಕ್ಷಿಣದ ಬಾಗಿಲಿಂದ ಒಳಗೆ ಹೋಗಿ ಉತ್ತರದ ಬಾಗಿಲಿಂದ ಹೊರಗೆ ಬರಬೇಕು. ನೇರ ಅಳತೆ ಒಂದು ಕಿಲೋಮೀಟರ್‌ಗೂ ಕಡಿಮೆ. ಆದರೆ ಅಂಗಳ, ಪಕ್ಕದ ಮನೆಗಳು, ಮೆಟ್ಟಿಲು ಎಲ್ಲ ಸೇರಿದರೆ ಅರ್ಧ ದಿನ ಬೇಕೇ ಬೇಕು. ದಿನಕ್ಕೆ 40,000 ಜನರಿಗಷ್ಟೇ ಪ್ರವೇಶ. ಟಿಕೆಟ್ ಏಳು ದಿನ ಮೊದಲು ಬಿಡುತ್ತಾರೆ, ಅದು ಪಾಸ್‌ಪೋರ್ಟ್ ನಂಬರಿನ ಮೇಲೆ ಬುಕ್ ಆಗುತ್ತದೆ. ಸರ್ಕಾರಿ ರಜೆ ಬಿದ್ದರೆ ಬಿಟ್ಟು ಸೋಮವಾರ ಬಾಗಿಲು ಹಾಕಿರುತ್ತದೆ. ನಿಮ್ಮ ಐಟಿನರಿಯಲ್ಲಿ ಅದು ಸೋಮವಾರಕ್ಕೆ ಬಿದ್ದಿದ್ದರೆ, ಅಥವಾ 'ಹೊರಗಿನಿಂದ ವೀಕ್ಷಣೆ' ಎಂದು ಬರೆದಿದ್ದರೆ ಈಗಲೇ ಕೇಳಿ.

ಒಳಗೆ ಹೋದವರು ಸಿಂಹಾಸನದ ಕಿಟಕಿಗೆ ಮುಗಿಬೀಳುತ್ತಾರೆ. ನಾನು ನಮ್ಮವರನ್ನು ಮೂರನೇ ದೊಡ್ಡ ಸಭಾಭವನದ ಹಿಂಭಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮೆಟ್ಟಿಲುಗಳ ನಡುವೆ ಡ್ರ್ಯಾಗನ್‌ಗಳನ್ನು ಕೆತ್ತಿದ ಒಂದೇ ಕಲ್ಲು ಮಲಗಿದೆ. ಉದ್ದ ಹದಿನಾರೂವರೆ ಮೀಟರ್, ತೂಕ 200 ಟನ್‌ಗಿಂತ ಜಾಸ್ತಿ. ಊರಾಚೆಯ ಫಾಂಗ್‌ಶಾನ್ ಕಡೆಯ ಕಲ್ಲುಗಣಿಯಿಂದ ಇಂಥ ಬಂಡೆಗಳನ್ನು ತಂದದ್ದು ಚಳಿಗಾಲದಲ್ಲಿ. ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಎಳೆದು ತಂದರು. ಈ ಕಲ್ಲಿನ ಮುಂದೆ ಐದು ನಿಮಿಷ ನಿಂತರೆ ಆ ಅರಮನೆಯ ಹಿಂದಿನ ದುಡಿಮೆ ಎಂಥದ್ದು ಎಂದು ಗೊತ್ತಾಗುತ್ತದೆ.

ಮಹಾಗೋಡೆಗೆ ಬಾದಾಲಿಂಗ್ ಭಾಗದ ಬದಲು ಮುಟಿಯಾನ್ಯು ಭಾಗ ಕೇಳಿ. ಸ್ವಲ್ಪ ದೂರ, ಆದರೆ ನೂಕುನುಗ್ಗಲು ಕಡಿಮೆ, ಕಾಡು ಹೆಚ್ಚು. ಕೇಬಲ್ ಕಾರ್ 14ನೇ ಕಾವಲು ಗೋಪುರದ ಹತ್ತಿರ ಬಿಡುತ್ತದೆ, ಚೇರ್‌ಲಿಫ್ಟ್ 6ನೆಯದರ ಹತ್ತಿರ. ಎರಡೂ ಬೇರೆ ಬೇರೆ ಕಂಪನಿಗಳವು, ಒಂದರ ರಿಟರ್ನ್ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಮಂಡಿನೋವು ಇರುವವರಿಗೆ ಕೇಬಲ್ ಕಾರೇ ಸರಿ. ಮೇಲೆ ಎರಡು ಗೋಪುರಗಳ ನಡುವೆ ನಡೆದು ಬಂದರೂ ನೋಡಿದ ತೃಪ್ತಿ ಸಿಗುತ್ತದೆ.

ಬೀಜಿಂಗ್‌ನಿಂದ ಶಿಯಾನ್‌ಗೆ ವಿಮಾನ ಬೇಡ, ಹೈಸ್ಪೀಡ್ ರೈಲು ಹಿಡಿಯಿರಿ. ಸುಮಾರು 1,200 ಕಿಲೋಮೀಟರ್, ಐದು ಗಂಟೆಯ ಆಸುಪಾಸು. ಪಾಸ್‌ಪೋರ್ಟೇ ಟಿಕೆಟ್. ಒಂದೇ ಎಚ್ಚರಿಕೆ: ನಮ್ಮಲ್ಲಿಯ ಹಾಗೆ ಕೂಲಿಯವರು ಸಿಗುತ್ತಾರೆ ಎಂದು ನಂಬಿಕೊಳ್ಳಬೇಡಿ. ನೀವೇ ಎತ್ತಿ ಇಡಬಲ್ಲಷ್ಟು ಸೂಟ್‌ಕೇಸ್ ಮಾತ್ರ ತನ್ನಿ.

ಶಿಯಾನ್‌ನ ಮಣ್ಣಿನ ಸೈನ್ಯದ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತಿರುತ್ತದೆ. 1974ರ ಮಾರ್ಚ್‌ನಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು, ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಿನ್ ಶಿ ಹುವಾಂಗ್ ದೊರೆಯ ಸಮಾಧಿಯ ಕಾವಲಿಗೆ ಮಾಡಿದ್ದು. ಒಟ್ಟು ಸುಮಾರು 8,000 ಮೂರ್ತಿಗಳು ಇರಬಹುದೆಂಬ ಅಂದಾಜಿದೆ. ಅವುಗಳಲ್ಲಿ ಬಹಳಷ್ಟು ಇನ್ನೂ ಮಣ್ಣಿನಲ್ಲೇ ಇವೆ. ಮುಖ್ಯ ಸಮಾಧಿಯನ್ನಂತೂ ತೆರೆದೇ ಇಲ್ಲ. ಮೂರ್ತಿಗಳ ಮೇಲಿನ ಬಣ್ಣ ಹೊರಗಿನ ಗಾಳಿ ತಾಗಿ ಒಣಗಿದ ಕೂಡಲೇ ಸುರುಳಿಯಾಗಿ ಎದ್ದುಬಂದದ್ದನ್ನು ಕಂಡವರು ಅವಸರ ಮಾಡುತ್ತಿಲ್ಲ. ನನಗೆ ಆ ತಾಳ್ಮೆಯ ಮೇಲೆ ತುಂಬಾ ಗೌರವ.

ಗ್ರೂಪ್‌ಗಳು ಸಾಮಾನ್ಯವಾಗಿ ಮೂರ್ತಿಗಳು ಸಿಕ್ಕ ಒಂದನೇ ಗುಂಡಿಗೆ ಹೋಗಿ, ಕಟಕಟೆಯ ಮುಂದೆ ಫೋಟೊ ತೆಗೆದು, ಒಂದು ಗಂಟೆಯಲ್ಲಿ ಹೊರಗೆ ಬರುತ್ತವೆ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಾ? ಎರಡನೇ ಗುಂಡಿಯಲ್ಲಿ ಸಿಕ್ಕ, ಮಂಡಿಯೂರಿ ಕುಳಿತ ಬಿಲ್ಲುಗಾರನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅವನ ಹಿಂದಕ್ಕೆ ಹೋಗಿ ನಿಲ್ಲಿ. ಮೇಲಕ್ಕೆ ತಿರುಗಿದ ಕಾಲಿನ ಅಡಿ ಕಾಣುತ್ತದೆ. ಚಪ್ಪಲಿಯ ಅಟ್ಟೆಯ ಹೊಲಿಗೆಯನ್ನು ಚುಕ್ಕಿ ಚುಕ್ಕಿಯಾಗಿ ತೋರಿಸಿದ್ದಾರೆ. ತುದಿಯಲ್ಲೂ ಹಿಮ್ಮಡಿಯಲ್ಲೂ ಚುಕ್ಕಿ ಒತ್ತೊತ್ತಾಗಿದೆ, ನಡುವೆ ಬಿಡಿಬಿಡಿಯಾಗಿದೆ. ಯಾರೂ ನೋಡದ ಕತ್ತಲಿಗೆ ಹೋಗುವ ಮೂರ್ತಿಯ ಅಂಗಾಲಿಗೂ ಇಷ್ಟು ಶ್ರದ್ಧೆ. ಇಂಥ ಬಿಲ್ಲುಗಾರರು ಕುಳಿತಿದ್ದರಿಂದ ಮೇಲ್ಚಾವಣಿ ಕುಸಿದಾಗ ನಿಂತವರಷ್ಟು ಪೆಟ್ಟು ತಿನ್ನಲಿಲ್ಲ. ಕಂಚಿನ ರಥಗಳು ಬೇರೆ ಕಟ್ಟಡದಲ್ಲಿವೆ, ಶಟಲ್ ಬಸ್ಸಿನಲ್ಲಿ ಹೋಗಬೇಕು. ಇದಕ್ಕೆಲ್ಲ ಕನಿಷ್ಠ ನಾಲ್ಕು ಗಂಟೆ ಕೇಳಿ ಪಡೆಯಿರಿ.

ಶಿಯಾನ್‌ನಲ್ಲಿ ಕನ್ನಡಿಗರು ತಪ್ಪಿಸಿಕೊಳ್ಳಬಾರದ ಇನ್ನೊಂದು ಜಾಗ ದೊಡ್ಡ ಕಾಡುಬಾತಿನ ಪಗೋಡ. ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ ಮರಳುವಾಗ ತಂದ 657 ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು. ಶಾಲೆಯಲ್ಲಿ ಓದಿದ ಅದೇ ಯಾತ್ರಿಕ. ಇಮ್ಮಡಿ ಪುಲಿಕೇಶಿಯ ನಾಡಿನ ಜನರ ಸ್ವಾಭಿಮಾನವನ್ನೂ, ಹರ್ಷನಿಗೂ ಅವನನ್ನು ಮಣಿಸಲಾಗಲಿಲ್ಲ ಎಂಬುದನ್ನೂ ಬರೆದಿಟ್ಟವನು. ಅಲ್ಲಿಯ ಲೋಕಲ್ ಗೈಡ್‌ಗಳು ಬಾದಾಮಿಯ ಹೆಸರು ಎತ್ತುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ನಮ್ಮ ಕಡೆಯಿಂದ ಹೋಗುವ ಟೂರ್ ಮ್ಯಾನೇಜರ್ ಹೇಳಬೇಕು.

ಶಿಯಾನ್‌ನಿಂದ ಸಾನ್ಯಾಗೆ ಮೂರು ಗಂಟೆಯ ವಿಮಾನ. ಇಲ್ಲಿ ಒಂದು ವಿಷಯ ಹಲವರಿಗೆ ಗೊತ್ತಿಲ್ಲ. 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ಅವರ '3ಸಿ' ಎಂಬ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವ ಹಾಗಿಲ್ಲ. ನಮ್ಮಲ್ಲಿ ಕೊಂಡವುಗಳಲ್ಲಿ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ಮನೆಯಲ್ಲೇ ಬಿಟ್ಟು ಹೋಗಿ, ಬೇಕಿದ್ದರೆ ಬೀಜಿಂಗ್‌ನಲ್ಲಿ ಕೊಳ್ಳಿ.

ವೀಸಾ ಬಗ್ಗೆಯೂ ಒಂದು ಗೊಂದಲ ಇದೆ. ಹೈನಾನ್‌ಗೆ ವೀಸಾ ಬೇಡ ಎಂದು ಎಲ್ಲೋ ಓದಿ ಬರುತ್ತಾರೆ. ಆ ಸೌಲಭ್ಯ ಕೆಲವು ದೇಶಗಳಿಗಷ್ಟೇ ಇದೆ, ಭಾರತ ಅದರಲ್ಲಿ ಇಲ್ಲ. ಚೀನಾ ವೀಸಾ ತೆಗೆದುಕೊಂಡೇ ಹೋಗಬೇಕು.

ಸಾನ್ಯಾದಲ್ಲಿ ಹೋಟೆಲಿನ ನಕ್ಷತ್ರಕ್ಕಿಂತ ಅದು ಯಾವ ಕೊಲ್ಲಿಯಲ್ಲಿದೆ ಎಂಬುದು ಮುಖ್ಯ. ಯಾಲಾಂಗ್ ಕೊಲ್ಲಿ ಅರ್ಧಚಂದ್ರದ ಹಾಗೆ ಬಾಗಿದೆ, ಸುತ್ತ ಗುಡ್ಡ ಇರುವುದರಿಂದ ನೀರು ಶಾಂತ. ಮಕ್ಕಳು, ವಯಸ್ಸಾದವರು ಇದ್ದರೆ ಇದೇ ಒಳ್ಳೆಯದು. ದಾದೊಂಗ್‌ಹೈ ಊರಿಗೆ ಹತ್ತಿರ, ಸಂಜೆ ಓಡಾಟಕ್ಕೆ ಚೆನ್ನ, ಆದರೆ ಜನ ಜಾಸ್ತಿ. ಸಾನ್ಯಾ ಕೊಲ್ಲಿಯಲ್ಲಿ ಸೂರ್ಯಾಸ್ತ ಸೊಗಸು, ಆದರೆ ಹೋಟೆಲಿಗೂ ಮರಳಿಗೂ ನಡುವೆ ರಸ್ತೆ. ಹೈತಾಂಗ್ ಕೊಲ್ಲಿಯಲ್ಲಿ ಭಾರೀ ಹೋಟೆಲುಗಳಿವೆ, ದೊಡ್ಡ ಡ್ಯೂಟಿ ಫ್ರೀ ಮಾಲ್ ಇದೆ. ಅಲ್ಲಿಯ ಅಲೆಗಳು ಮಾತ್ರ ಒರಟು. ಈಜಬೇಡಿ ಎಂಬ ಬಾವುಟ ಹಾರುತ್ತಿರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 'ಬೀಚ್ ರೆಸಾರ್ಟ್' ಎಂದಷ್ಟೇ ಬರೆದುಕೊಟ್ಟರೆ ಕೊಲ್ಲಿಯ ಹೆಸರು ಬರೆಸಿಕೊಳ್ಳಿ.

ಯಾವಾಗ ಹೋಗುವುದು? ಏಪ್ರಿಲ್ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ ಉತ್ತರದಲ್ಲಿ ವಸಂತ, ದಕ್ಷಿಣದಲ್ಲಿ ಮಳೆ ಇನ್ನೂ ಜೋರಾಗಿರುವುದಿಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆಗೂ ಹೊಂದುತ್ತದೆ. ನವೆಂಬರ್ ಕೂಡ ಒಳ್ಳೆಯದು, ಬೀಜಿಂಗ್‌ಗೆ ಸ್ವೆಟರ್, ಜಾಕೆಟ್ ಎರಡೂ ಇಟ್ಟುಕೊಳ್ಳಿ. ಜುಲೈನಿಂದ ಅಕ್ಟೋಬರ್‌ವರೆಗೆ ಹೈನಾನ್ ಕಡೆ ಚಂಡಮಾರುತದ ಕಾಲ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಎಂಬ ಚಂಡಮಾರುತ ದ್ವೀಪದ ಉತ್ತರ ಭಾಗಕ್ಕೆ ದೊಡ್ಡ ಹೊಡೆತ ಕೊಟ್ಟಿತು. ದಸರಾ ರಜೆಯಲ್ಲಿ ಹೋಗುತ್ತೇವೆ ಅನ್ನುವವರಿಗೆ ಇನ್ನೊಂದು ತೊಂದರೆ ಇದೆ. ಅಕ್ಟೋಬರ್ ಮೊದಲ ವಾರ ಇಡೀ ಚೀನಾಕ್ಕೆ ರಜೆ, ಮಹಾಗೋಡೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಊಟದ ಬಗ್ಗೆ ಪ್ಯಾಕೇಜಿನಲ್ಲಿ 'ಇಂಡಿಯನ್ ಡಿನ್ನರ್' ಎಂದು ಬರೆದಿರುತ್ತದೆ. ದಿನಾ ಅದೇ ಗ್ರೇವಿ, ಅದೇ ನಾನ್, ಜೊತೆಗೆ ಅಲ್ಲಿಗೆ ಹೋಗಿಬರಲು ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ. ಎರಡು ದಿನಕ್ಕೊಮ್ಮೆ ಸಾಕು. ಶಿಯಾನ್ ಗೋಧಿಯ ಸೀಮೆ. ಅಲ್ಲಿಯ ಲಿಯಾಂಗ್‌ಪಿ ಎಂಬ ತಣ್ಣನೆಯ ನೂಡಲ್ಸ್‌ಗೆ ಖಾರದೆಣ್ಣೆ, ವಿನಿಗರ್, ಸೌತೆಕಾಯಿ ಹಾಕಿ ಕೊಡುತ್ತಾರೆ, ನಮ್ಮವರು ಎರಡನೇ ತಟ್ಟೆ ಕೇಳುತ್ತಾರೆ. ಸಸ್ಯಾಹಾರಿಗಳಿಗೆ ಒಂದು ಮಾತು: ಮಾಂಸ ಬೇಡ ಎಂದರೆ ತುಂಡು ತೆಗೆದುಕೊಡಬಹುದು, ಹಂದಿಯ ಕೊಬ್ಬು, ಚಿಕನ್ ಪೌಡರ್ ಹಾಗೇ ಇರಬಹುದು. ಬೌದ್ಧ ಸಸ್ಯಾಹಾರ ಬೇಕು, ಕೊಬ್ಬು, ಮೀನಿನ ಸಾಸ್ ಯಾವುದೂ ಬೇಡ ಎಂದು ಚೀನೀ ಲಿಪಿಯಲ್ಲಿ ಬರೆಸಿದ ಕಾರ್ಡ್ ಜೇಬಿನಲ್ಲಿ ಇರಲಿ. ಸಾನ್ಯಾದ ನಾನ್‌ಶಾನ್‌ನಲ್ಲಿ ದೇವಸ್ಥಾನದ ಸಸ್ಯಾಹಾರಿ ಊಟವೇ ಸಿಗುತ್ತದೆ.

ದರ ತೀರಾ ಕಡಿಮೆ ಇರುವ ಪ್ಯಾಕೇಜ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಆ ಕೊರತೆಯನ್ನು ತುಂಬುವುದು ಅಂಗಡಿಗಳ ಕಮಿಷನ್. ಐಟಿನರಿಯಲ್ಲಿ 'ಜೇಡ್ ಮ್ಯೂಸಿಯಂ', 'ರೇಷ್ಮೆ ಕೇಂದ್ರ', 'ಮುತ್ತಿನ ಪ್ರದರ್ಶನ' ಎಂದು ಇದ್ದರೆ ಹೆಚ್ಚಾಗಿ ಅವು ಅಂಗಡಿಗಳೇ. ಅಲ್ಲಿ ಹೋಗುವ ಒಂದೂವರೆ ಗಂಟೆ ಬಿಲ್ಲುಗಾರನ ಮುಂದೆ ನಿಲ್ಲುವ ಹೊತ್ತಿನಿಂದಲೇ ಕಡಿತವಾಗುತ್ತದೆ. 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಚೀನಾದ ಪ್ರವಾಸೋದ್ಯಮ ಕಾನೂನು, ಅಗ್ಗದ ದರ ತೋರಿಸಿ ಶಾಪಿಂಗ್‌ನಿಂದ ಹಣ ಮಾಡುವುದನ್ನು ನಿಷೇಧಿಸಿದೆ. ಗ್ರೂಪಿನವರು ಒಟ್ಟಾಗಿ ನಮಗೆ ಬೇಡ ಎಂದರೆ ಗೈಡ್ ಒತ್ತಾಯ ಮಾಡುವಂತಿಲ್ಲ. ಮೊದಲೇ 'ಶಾಪಿಂಗ್ ಸ್ಟಾಪ್ ಇಲ್ಲ' ಎಂದು ಲಿಖಿತವಾಗಿ ಪಡೆದರೆ ಜಗಳವೇ ಇರುವುದಿಲ್ಲ.

ಸಾನ್ಯಾದ ನಾಲ್ಕು ದಿನಗಳಲ್ಲಿ ಒಂದೇ ದಿನ ಸೈಟ್‌ಸೀಯಿಂಗ್ ಇರಲಿ. ನಾನ್‌ಶಾನ್‌ನ ಕಡಲೊಳಗಿನ 108 ಮೀಟರ್ ಎತ್ತರದ, ಗುವಾನ್‌ಯಿನ್ ಎಂಬ ಬೌದ್ಧ ದೇವಿಯ ಮೂರ್ತಿ ನೋಡಲು ಭವ್ಯವಾಗಿದೆ. ಕೆಲವು ಬ್ರೋಷರ್‌ಗಳು ಅದನ್ನು ಪುರಾತನ ಅನ್ನುತ್ತವೆ. ಅದು 2005ರದ್ದು. ದ್ವೀಪದ ನಿಜವಾದ ಹಳೆಯದು ಬೇರೆ ಕಡೆ ಇದೆ. ಒಂದು ಕಾಲಕ್ಕೆ ರಾಜಧಾನಿಗೆ ಬೇಡವಾದವರನ್ನು ಗಡೀಪಾರು ಮಾಡುತ್ತಿದ್ದ ಜಾಗ ಇದು. ಕವಿ ಸು ಶಿಯನ್ನು 1097ರಲ್ಲಿ ಇಲ್ಲಿಗೇ ಕಳಿಸಿದ್ದರು. ಕಾಡಿನ ಲೀ ಜನರು ಅದಕ್ಕೂ ಮೊದಲಿನಿಂದ ಇದ್ದವರು. ಕಾಲಿನ ಹೆಬ್ಬೆರಳಿಗೆ, ಪಾದಕ್ಕೆ ಮಗ್ಗದ ಕೋಲನ್ನು ಒತ್ತಿಹಿಡಿದು, ನೆಲದ ಮೇಲೆ ಕುಳಿತೇ ನೇಯುವ ಅವರ ಬಟ್ಟೆಗಾರಿಕೆಯನ್ನು ಯುನೆಸ್ಕೊ 2009ರಲ್ಲಿ ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು.

ಅದನ್ನು ನೋಡಲು ಸಾನ್ಯಾದಿಂದ ಗುಡ್ಡದ ಕಡೆ ಬಿಂಗ್‌ಲಾಂಗ್‌ಗು ಎಂಬಲ್ಲಿಗೆ ಹೋಗಬೇಕು. ದಾರಿಯ ಎರಡೂ ಬದಿ ಅಡಿಕೆ ತೋಟ. ಚೀನಾದ ಅಡಿಕೆ ಹೆಚ್ಚುಕಡಿಮೆ ಪೂರ್ತಿ ಬೆಳೆಯುವುದು ಇದೇ ದ್ವೀಪದಲ್ಲಿ. ಹಸಿ ಅಡಿಕೆಯನ್ನು ಸೀಳಿ, ಎಲೆ, ಸುಣ್ಣ ಸೇರಿಸಿ ಮಾರುವ ಹೆಂಗಸರು ಸಿಗುತ್ತಾರೆ. ಶಿರಸಿ, ತೀರ್ಥಹಳ್ಳಿ ಕಡೆಯವರು ಗ್ರೂಪಿನಲ್ಲಿದ್ದರೆ ಬಸ್ ನಿಲ್ಲಿಸದೆ ಇರಲು ಆಗುವುದಿಲ್ಲ. ಮರ ಹತ್ತುವುದು ಹೇಗೆ, ಕೊಳೆ ರೋಗ ಇದೆಯಾ, ಒಂದು ಗೊನೆಗೆ ಎಷ್ಟು ಸಿಗುತ್ತದೆ ಎಂದು ಕೇಳುತ್ತಾರೆ, ಗೈಡ್ ಲೀ ಅಜ್ಜಿಗೂ ನಮ್ಮವರಿಗೂ ನಡುವೆ ಮಾತು ದಾಟಿಸುತ್ತಾ ನಿಲ್ಲುತ್ತಾನೆ. ಈ ನಿಲುಗಡೆಗೆ ಅರ್ಧ ಗಂಟೆ ಬಿಟ್ಟೇ ನಾನು ಆ ದಿನದ ಟೈಮ್ ಹಾಕುವುದು.