ಮೋಟಾರ್ ಡಬ್ಬಿಯೊಳಗಿನ ಸಿ ಭಾಷೆ

ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಪೆಟ್ಟಿಗೆ ತೆಗೆದು ನೋಡಿ. ಈಗ ಎಷ್ಟೋ ಕಡೆ ಅದರೊಳಗೆ ಇನ್ನೊಂದು ಪುಟ್ಟ ಡಬ್ಬಿ ಇರುತ್ತದೆ. ಅದಕ್ಕೊಂದು ಸಿಮ್, ಒಂದು ಆಂಟೆನಾ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಟಾರ್ಚ್ ಹಿಡಿದು ತೋಟಕ್ಕೆ ಓಡಬೇಕಾಗಿಲ್ಲ. ಮನೆಯಿಂದಲೇ ಒಂದು ಕಾಲ್ ಅಥವಾ ಎಸ್‌ಎಂಎಸ್ ಸಾಕು, ಮೋಟಾರ್ ಆನ್. ಮೊಬೈಲ್ ಸ್ಟಾರ್ಟರ್ ಅಂತ ಕರೆಯುತ್ತಾರೆ. ಒಳಗಿರುವುದು ತೀರಾ ಕಡಿಮೆ ಮೆಮೊರಿಯ ಒಂದು ಅಗ್ಗದ ಚಿಪ್. ಇಂಥ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವುದು ಹೆಚ್ಚಾಗಿ ಸಿ ಭಾಷೆಯಲ್ಲೇ.

ಎಸ್‌ಎಂಎಸ್ ಅಂದರೆ 160 ಅಕ್ಷರ, ಅಲ್ವಾ? ಹಾಗಂತ ಪ್ರೋಗ್ರಾಂ ಬರೆದವರು 160 ಬೈಟ್ (ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್) ಜಾಗ ಮಾತ್ರ ಬಿಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಇಂಗ್ಲಿಷ್ ಮೆಸೇಜಿಗೆ ಅದು ಸರಿಹೋಗುತ್ತದೆ. ಕನ್ನಡದ ಎಸ್‌ಎಂಎಸ್‌ನಲ್ಲಿ ಹಿಡಿಯುವುದು 70 ಯುನಿಕೋಡ್ ಚಿಹ್ನೆ (ಅಕ್ಷರ, ಗುಣಿತದ ಗುರುತು ಒಂದೊಂದೂ ಬೇರೆ ಲೆಕ್ಕ) ಮಾತ್ರ. ಆದರೆ ಡಬ್ಬಿಯೊಳಗೆ ಮೆಸೇಜ್ ಹಿಡಿಯುವ ಮೋಡೆಮ್ ಅದನ್ನು ಚಿಪ್‌ಗೆ ದಾಟಿಸುವಾಗ ಸಾಮಾನ್ಯವಾಗಿ ಒಂದೊಂದು ಚಿಹ್ನೆಯನ್ನೂ ನಾಲ್ಕು ಅಕ್ಷರದ ಸಂಕೇತವಾಗಿ ಬಿಡಿಸಿ ಕೊಡುತ್ತದೆ. 70 ನಾಲ್ಕಲೆ 280. ಸಿಮ್ ಕಂಪನಿಯ ಉದ್ದನೆಯ ಕನ್ನಡ ರೀಚಾರ್ಜ್ ಮೆಸೇಜ್ ಒಂದು ಬಂದರೆ ಮುಗೀತು.

ಮಿಕ್ಕ 120 ಬೈಟ್ ಎಲ್ಲಿಗೆ ಹೋಗುತ್ತದೆ? ಬದು ಒಡೆದ ನೀರು ಪಕ್ಕದ ಗದ್ದೆಗೆ ನುಗ್ಗುವ ಹಾಗೆ ಪಕ್ಕದ ಮೆಮೊರಿಗೆ ನುಗ್ಗುತ್ತದೆ. ಅಲ್ಲಿ ಮಾಲೀಕರ ಫೋನ್ ನಂಬರ್ ಇರಬಹುದು. ಈ ಕೆಲಸ ಮುಗಿಸಿ ಪ್ರೋಗ್ರಾಂ ವಾಪಸ್ ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸವೂ ಇರಬಹುದು. ಸಿ ಭಾಷೆ ತಡೆಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಅದೃಷ್ಟ ನೆಟ್ಟಗಿದ್ದರೆ ಡಬ್ಬಿ ಹ್ಯಾಂಗ್ ಆಗಿ ನಿಲ್ಲುತ್ತದೆ. ಯಾರಾದರೂ ಲೆಕ್ಕ ಹಾಕಿ ಬೇಕಂತಲೇ ಕಳಿಸಿದ ಮೆಸೇಜ್ ಆಗಿದ್ದರೆ, ಆ ವಿಳಾಸವನ್ನೇ ಬದಲಿಸಿ ಡಬ್ಬಿಯನ್ನು ತಮಗೆ ಬೇಕಾದಂತೆ ಕುಣಿಸಬಹುದು.

ಸಿ ಹುಟ್ಟಿದ್ದು 1972ರ ಸುಮಾರಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನ್ನಿಸ್ ರಿಚಿಯವರ ಕೈಯಲ್ಲಿ. ಆಗ ಮೆಮೊರಿ ದುಬಾರಿ, ಯಂತ್ರಗಳು ನಿಧಾನ. ಹೆಜ್ಜೆಹೆಜ್ಜೆಗೂ ಗಡಿ ನೋಡುತ್ತಾ ಕೂತರೆ ಕೆಲಸ ಸಾಗುತ್ತಿರಲಿಲ್ಲ. ಬರೆಯುವವರು ಹುಷಾರಾಗಿರುತ್ತಾರೆ ಅನ್ನುವ ನಂಬಿಕೆ ಬೇರೆ. ಕಂಪ್ಯೂಟರ್‌ಗಳು ಒಂದಕ್ಕೊಂದು ಜೋಡಣೆಯಾದ ಮೇಲೆ ಆ ನಂಬಿಕೆ ಕೈಕೊಟ್ಟಿತು. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಅನ್ನುವ, ತನ್ನಷ್ಟಕ್ಕೆ ತಾನೇ ಹರಡುವ ಪ್ರೋಗ್ರಾಂ ಸಾವಿರಾರು ಯಂತ್ರಗಳಿಗೆ ಹರಡಿತು. ಅದು ಬಳಸಿದ ದಾರಿಗಳಲ್ಲಿ ಒಂದು, 512 ಬೈಟ್ ಜಾಗಕ್ಕೆ 536 ಬೈಟ್ ತುರುಕುವುದು. ಅದಕ್ಕೆ ಬಾಗಿಲು ತೆರೆದಿದ್ದು ಗೆಟ್ಸ್ ಅನ್ನುವ ಸಿ ಫಂಕ್ಷನ್. ಎಷ್ಟು ಜಾಗ ಇದೆ ಅಂತ ಕೇಳದೆಯೇ ಬಂದದ್ದನ್ನೆಲ್ಲ ತುಂಬುವುದು ಅದರ ಸ್ವಭಾವ. ಅದನ್ನು ಸಿ ಮಾನಕದಿಂದ ತೆಗೆದುಹಾಕಲು 2011ರವರೆಗೆ ಕಾಯಬೇಕಾಯಿತು! ಆಮೇಲೂ ನಮ್ಮ ಕಾಲೇಜುಗಳಲ್ಲಿ ಟರ್ಬೊ ಸಿ ಅನ್ನುವ ಹಳೆಯ ಸಾಫ್ಟ್‌ವೇರ್‌ನ ನೀಲಿ ಪರದೆ ಮುಂದೆ ಕೂತು ಗೆಟ್ಸ್ ಬರೆದು ಲ್ಯಾಬ್ ಪಾಸಾದವರು ಕಡಿಮೆ ಏನಲ್ಲ.

ಇದು ಮುಗಿದುಹೋದ ಕತೆಯಲ್ಲ. ತನ್ನ ಸಾಫ್ಟ್‌ವೇರ್‌ನ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಕ್ರೋಮ್ ಬ್ರೌಸರ್‌ನ ಗಂಭೀರ ದೋಷಗಳ ಲೆಕ್ಕವೂ ಹತ್ತಿರಹತ್ತಿರ ಅಷ್ಟೇ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2022ರಲ್ಲಿ, ಶ್ವೇತಭವನದ ಸೈಬರ್ ಕಚೇರಿ 2024ರಲ್ಲಿ ಮೆಮೊರಿಯ ಗಡಿಯನ್ನು ತಾವೇ ಕಾಯುವ ಸುರಕ್ಷಿತ ಭಾಷೆಗಳತ್ತ ಹೊರಳಿ ಅಂತ ಸಲಹೆ ಕೊಟ್ಟವು.

ಅಂಥ ಭಾಷೆಗಳಲ್ಲಿ ಈಗ ಜಾಸ್ತಿ ಕೇಳಿಬರುವ ಹೆಸರು ರಸ್ಟ್. 2015ರಲ್ಲಿ ಅದರ 1.0 ಆವೃತ್ತಿ ಬಂತು. 160ರ ಜಾಗದಲ್ಲಿ 161ನೆಯದನ್ನು ಬರೆಯಲು ಹೋದರೆ ರಸ್ಟ್ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಮಾಹಿತಿಗೂ ಒಬ್ಬ ಒಡೆಯ ಇರಬೇಕು ಅನ್ನುವ ನಿಯಮ ಬೇರೆ ಇದೆ. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಲು ಹೋದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ರೇ ಒಪ್ಪುವುದಿಲ್ಲ. ಕಲಿಯುವವರ ತಲೆ ತಿನ್ನುತ್ತದೆ, ನಿಜ. ಹಾಗಂತ ಭಾಷೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ಜಗತ್ತನ್ನೇ ಗಾಬರಿಪಡಿಸಿದ ಲಾಗ್‌ಫೋರ್‌ಜೆ ದೋಷ ಇದ್ದದ್ದು ಜಾವಾ ಭಾಷೆಯಲ್ಲಿ ಬರೆದ, ಎಷ್ಟೋ ಪ್ರೋಗ್ರಾಂಗಳು ಬಳಸುವ ಒಂದು ಸಿದ್ಧ ಕೋಡ್‌ನಲ್ಲಿ. ಜಾವಾ ಮೆಮೊರಿ ವಿಷಯದಲ್ಲಿ ಸುರಕ್ಷಿತ ಭಾಷೆಯೇ.

ಹಾಗಾದರೆ ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ಬರೆಯೋಣವೇ? ನನ್ನ ಉತ್ತರ ಬೇಡ ಅಂತಲೇ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಅಷ್ಟು ಎತ್ತರಕ್ಕೆ ಸ್ಕ್ರೂಡ್ರೈವರ್ ಹಿಡಿದು ಹೋಗಿ ರಿಪೇರಿ ಮಾಡಲು ಆಗುವುದಿಲ್ಲ. ಇಂಥ ಕಡೆ ವರ್ಷಗಟ್ಟಲೆ ತಪ್ಪಿಲ್ಲದೆ ನಡೆದ ಪ್ರೋಗ್ರಾಂಗೆ ಬೆಲೆ ಇದೆ, ಅದು ಯಾವ ಭಾಷೆಯಲ್ಲೇ ಇರಲಿ. ಹೊಸದಾಗಿ ಬರೆದರೆ ಹೊಸ ತಪ್ಪುಗಳೂ ಜೊತೆಗೇ ಬರುತ್ತವೆ.

ಆಂಡ್ರಾಯ್ಡ್‌ನ ಅನುಭವ ನೋಡಿ. 2019ರಲ್ಲಿ ಅದರ ಭದ್ರತಾ ದೋಷಗಳಲ್ಲಿ 76% ಮೆಮೊರಿಯವೇ ಆಗಿದ್ದವು. 2024ಕ್ಕೆ ಅದು 24%ಕ್ಕೆ ಇಳಿಯಿತು. ಲಕ್ಷಗಟ್ಟಲೆ ಸಾಲಿನ ಹಳೆಯ ಸಿ, ಸಿ ಪ್ಲಸ್ ಪ್ಲಸ್ ಕೋಡನ್ನು ಗೂಗಲ್ ಹಾಗೇ ಬಿಟ್ಟಿತ್ತು. ಹೊಸದಾಗಿ ಬರೆಯುವುದನ್ನು ಮಾತ್ರ ರಸ್ಟ್‌ನಂಥ ಭಾಷೆಗಳಿಗೆ ತಿರುಗಿಸಿತು. ಮೆಮೊರಿ ದೋಷಗಳು ಹೆಚ್ಚಾಗಿ ಇರುವುದು ಈಚೆಗೆ ಬರೆದ, ಈಚೆಗೆ ತಿದ್ದಿದ ಕೋಡ್‌ನಲ್ಲಿ. ಹಳೆಯ ಕೋಡ್‌ನ ತಪ್ಪುಗಳು ವರ್ಷ ಕಳೆದಂತೆ ಸಿಕ್ಕಿ, ರಿಪೇರಿಯಾಗಿ ಕಡಿಮೆಯಾಗುತ್ತಾ ಬರುತ್ತವೆ.

ಆದರೆ ಇದಕ್ಕೆ ಒಂದು ಷರತ್ತಿದೆ. ತಪ್ಪು ಸಿಕ್ಕಾಗ ಸರಿಪಡಿಸಿ ಅಪ್‌ಡೇಟ್ ಕಳಿಸುವವರು ಇರಬೇಕು. ತೋಟದ ಡಬ್ಬಿಗೆ ಯಾರು ಕಳಿಸುತ್ತಾರೆ? ಹೊರಗಿನವರ ಮೆಸೇಜ್ ಓದುವ ಇಂಥ ಡಬ್ಬಿಯಲ್ಲೇ ಮೊದಲು ಭಾಷೆ ಬದಲಾಗಬೇಕಿತ್ತು. ಎಆರ್‌ಎಂ ಅನ್ನುವ ಈಚಿನ ಬಗೆಯ ಚಿಪ್ ಹಾಕಿದರೆ ರಸ್ಟ್ ಬಳಸಬಹುದು. ಇಂಜಿನಿಯರಿಂಗ್ ಮಕ್ಕಳು ಇವತ್ತಿಗೂ ಲ್ಯಾಬ್‌ನಲ್ಲಿ ಕಲಿಯುವ 8051ರಂಥ ಹಳೆಯ ಚಿಪ್‌ಗೆ ರಸ್ಟ್‌ನ ಅಧಿಕೃತ ಬೆಂಬಲವಿಲ್ಲ. ಅಲ್ಲಿ ಸಿ ಭಾಷೆಯಲ್ಲೇ ಎರಡು ಸಾಲು ಜಾಸ್ತಿ ಬರೆಯಬೇಕು: ಮೊದಲು ಕಳಿಸಿದವರ ನಂಬರ್ ನೋಡು, ಆಮೇಲೆ ಉದ್ದ ಅಳೆದು ಜಾಗಕ್ಕೆ ಮೀರಿದ್ದನ್ನು ಎಸೆ. ಈಗಾಗಲೇ ತೋಟದಲ್ಲಿರುವ ಡಬ್ಬಿಗಳಿಗೆ ಆ ಎರಡು ಸಾಲು ತಲುಪುವುದೂ ಅನುಮಾನ. ವೋಲ್ಟೇಜ್ ಏರಿ ಇಲ್ಲವೇ ಸಿಡಿಲು ಹೊಡೆದು ಸುಟ್ಟುಹೋದಾಗಲೇ ಅವು ಬದಲಾಗುವುದು.